ಅರ್ಧ ಹತ್ತಿದ ಮರ

ಮಲೆನಾಡಿನ ಮಳೆಗಾಲದಲ್ಲಿ ಬೆಳಗಿನ ಓಟ ನಿಂತುಹೋಗುವುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ವ್ಯಾಯಾಮವೆಲ್ಲ ತೀರ್ಥಹಳ್ಳಿಯ ಮನೆಯ ಸೌದೆ ಕೊಟ್ಟಿಗೆಯ ತೊಲೆಗೆ ಬಿಗಿದ ಕಬ್ಬಿಣದ ಪೈಪಿಗೆ ಸೀಮಿತವಾಗುತ್ತದೆ. ಕಳೆದ ವರ್ಷ, ಹೆಚ್ಚುವರಿ ಭಾರವಿಲ್ಲದೆ ಹನ್ನೆರಡು ಪುಲ್-ಅಪ್ (ಪೈಪಿಗೆ ಜೋತುಬಿದ್ದು, ಗದ್ದ ಅದರ ಮೇಲೆ ಬರುವವರೆಗೆ ಮೈಯನ್ನು ಎಳೆದುಕೊಳ್ಳುವುದು) ಮಾಡಬಲ್ಲೆನೆಂಬ ಧೈರ್ಯದಿಂದ ಸೊಂಟದ ಬೆಲ್ಟಿನ ಸರಪಳಿಗೆ ತೂಕದ ಪ್ಲೇಟು ತೂಗುಹಾಕಲಾರಂಭಿಸಿ, ಎರಡೇ ತಿಂಗಳಲ್ಲಿ 20 ಕಿಲೋಗೆ ಏರಿದೆ. ನನ್ನ ತಮ್ಮ ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದಾಗಲೇ ತಿಳಿದದ್ದು: ಕೆಳಗೆ ಬಂದಾಗ ಮೊಣಕೈ ನೆಟ್ಟಗಾಗುತ್ತಲೇ ಇರಲಿಲ್ಲ, ಮೇಲೆ ಹೋಗುವಾಗ ಕೋಳಿಯಂತೆ ಕತ್ತು ಚಾಚುತ್ತಿದ್ದೆ. ಅಡಿಕೆಯ ಕೊನೆ (ಗೊಂಚಲು) ಕೊಯ್ಯಲು ಬಂದಿದ್ದ ಕೊನೆಗಾರ ಅದನ್ನು ನೋಡಿ, "ಅರ್ಧ ಮರ ಹತ್ತಿ ಇಳಿದ್ರೆ ಕೊನೆ ಬೀಳ್ತದಾ ಅಯ್ಯಾ?" ಎಂದು ನಕ್ಕ. ಅಷ್ಟರಲ್ಲಿ ಮೊಣಕೈಯ ಒಳಬದಿಯ ನೋವೂ ಶುರುವಾಗಿತ್ತು.

ನೋವು ಪೂರ್ತಿ ಇಳಿಯುವವರೆಗೆ ಕಾದು, 5 ಕಿಲೋದಿಂದ ಮತ್ತೆ ಆರಂಭಿಸಿದೆ. ಅವಮಾನವೆನಿಸಿದ್ದು ನಿಜವಾದರೂ ಲೆಕ್ಕ ಹಾಕಿದರೆ ಅಷ್ಟೇನೂ ಇಲ್ಲ: ನನ್ನ ತೂಕ 64 ಕಿಲೋ ಆದ್ದರಿಂದ ಎಳೆಯಬೇಕಾದ ಒಟ್ಟು ಭಾರ 84ರಿಂದ 69ಕ್ಕೆ ಇಳಿಯಿತೇ ಹೊರತು ಕಾಲುಭಾಗಕ್ಕಲ್ಲ. ಈಗ ಹಾರಿ ಹಿಡಿಯದೆ ಸ್ಟೂಲಿನ ಮೇಲೆ ನಿಂತು ಪೈಪನ್ನು ಹಿಡಿಯುತ್ತೇನೆ; ತೋಳು ಪೂರ್ತಿ ಚಾಚಿ, ಪ್ಲೇಟಿನ ತೂಗಾಟ ನಿಂತ ಮೇಲೆ, ಮೊಣಕೈ ಮಡಚುವ ಮೊದಲೇ ಹೆಗಲನ್ನು ಕಿವಿಯಿಂದ ದೂರಕ್ಕೆ, ಕೆಳಕ್ಕೆ ಎಳೆದುಕೊಳ್ಳುತ್ತೇನೆ. ಈ ಒಂದಂಗುಲದ ಚಲನೆಯಲ್ಲಿಯೇ ಬೆನ್ನಿನ ಸ್ನಾಯುಗಳು ಕೆಲಸಕ್ಕೆ ಇಳಿಯುತ್ತವೆ; ಇದನ್ನು ಬಿಟ್ಟರೆ ತೋಳಿನ ಮೇಲೆ ಹೆಚ್ಚು ಭಾರ ಬೀಳುತ್ತದೆ. ನಂತರ ಗದ್ದವನ್ನು ಎತ್ತುವ ಯೋಚನೆ ಬಿಟ್ಟು, ಮೊಣಕೈಗಳನ್ನು ಪಕ್ಕೆಯತ್ತ ಇಳಿಸುವುದರ ಮೇಲೆ ಗಮನವಿಡುತ್ತೇನೆ. ಇಳಿಯುವಾಗ ಮೂರು ಎಣಿಸುತ್ತೇನೆ. ಧೊಪ್ಪನೆ ಬಿದ್ದರೆ ಕೆಳತುದಿಯಲ್ಲಿ ಇಡೀ ಭಾರದ ಜಗ್ಗಾಟ ಹೆಗಲಿಗೆ ಮತ್ತು ಮೊಣಕೈಗೆ ತಗಲುತ್ತದೆ.

ಒಮ್ಮೆಗೆ ಐದು ಪುಲ್-ಅಪ್‌ಗಳಂತೆ ನಾಲ್ಕು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ, ವಾರಕ್ಕೆ ಎರಡು ದಿನ. ನಾಲ್ಕೂ ಸೆಟ್‌ಗಳು ಶುದ್ಧವಾಗಿ ಮುಗಿದರೆ ಮಾತ್ರ 1.25 ಕಿಲೋ ಸೇರಿಸುತ್ತೇನೆ. ಮಳೆಗಾಲದ ತೇವಕ್ಕೆ ಪೈಪು ಬೆವರಿದಂತಾಗಿ ಕೈ ಜಾರುವುದರಿಂದ ಪ್ರತಿ ಸೆಟ್‌ಗೂ ಮುನ್ನ ಒಣಬಟ್ಟೆಯಿಂದ ಒರೆಸಿ ಅಂಗೈಗೆ ಚಾಕ್ ಪುಡಿ ಹಚ್ಚಿಕೊಳ್ಳುತ್ತೇನೆ. ಹಿಡಿತ ಸಡಿಲವಾದರೆ ರೀತಿ ಕೆಡುವುದು ಅಲ್ಲಿಂದಲೇ.

ಈ ಸೋಮವಾರ 15 ಕಿಲೋ ಕಟ್ಟಿದ್ದೆ. ಕೊನೆಯ ಸೆಟ್ಟಿನ ಐದನೆಯದರಲ್ಲಿ ಗದ್ದ ಪೈಪಿನ ಮೇಲೆ ಬರಲಿಲ್ಲ. ಪುಸ್ತಕದಲ್ಲಿ ನಾಲ್ಕು ಎಂದೇ ಬರೆದಿದ್ದೇನೆ.