ನೀರಿನ ಮಟ್ಟ ಮೊದಲು ಊರಿಗೆ ಗೊತ್ತಾಗಬೇಕು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಕುಡಿಯೋಕೂ, ಟೊಮೇಟೊಗೂ, ಹಿಪ್ಪುನೇರಳೆಗೂ ಬೋರ್‌ವೆಲ್ಲೇ ಗತಿ. ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬಂದ ಹೊಲಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿವೆ.

ನಮ್ಮೂರ ಪಕ್ಕದಲ್ಲಿ ಅಳತೆಗೆಂದೇ ಕೊರೆದ ಒಂದು ಬೋರ್ ಇದೆ. ಅದಕ್ಕೆ ಮೋಟಾರಿಲ್ಲ. ಕೇಸಿಂಗ್ ಪೈಪಿನ ಬಾಯಿಗೆ ಬೀಗ ಹಾಕಿದ ಕಬ್ಬಿಣದ ಡಬ್ಬ, ಒಳಗೆ ಕೇಬಲ್ ತುದಿಯಲ್ಲಿ ಗೇಣುದ್ದದ ಸ್ಟೀಲ್ ಸೆನ್ಸರ್. ನೀರಿನಲ್ಲಿ ಮುಳುಗಿರುವ ಅದಕ್ಕೆ ತಿಳಿಯುವುದು ಒತ್ತಡ ಮಾತ್ರ. ಮೇಲೆ 10 ಮೀಟರ್ ನೀರು ನಿಂತರೆ ಹೆಚ್ಚುಕಮ್ಮಿ 1 ಬಾರ್ ಒತ್ತಡ. ಅದರಿಂದ ಮಟ್ಟ ಲೆಕ್ಕ ಹಾಕಿ, ಸಿಮ್ ಮೂಲಕ ಆರು ಗಂಟೆಗೊಮ್ಮೆ ಕಳಿಸುತ್ತದೆ.

ಕೇಂದ್ರ ಅಂತರ್ಜಲ ಮಂಡಳಿಯವರು ಬಾವಿಗಳನ್ನು ಕೈಯಾರೆ ಅಳೆಯುವುದು ವರ್ಷಕ್ಕೆ ನಾಲ್ಕು ಸಲ. ನಡುವೆ ಏನಾಯ್ತು ಅಂತ ಅದರಲ್ಲಿ ಕಾಣುವುದಿಲ್ಲ. ಸೆನ್ಸರಿನ ಗ್ರಾಫ್‌ನಲ್ಲಿ ಎಲ್ಲ ಕಾಣುತ್ತದೆ. ತ್ರೀ ಫೇಸ್ ಕರೆಂಟ್ ಬಂದು ಸುತ್ತಲಿನ ಮೋಟಾರುಗಳು ಓಡಿದರೆ ಗೆರೆ ಇಳಿಯುತ್ತದೆ, ನಿಂತರೆ ಮೆಲ್ಲಗೆ ಏರುತ್ತದೆ. ಬೇಸಿಗೆಯಲ್ಲಿ ಇಳಿದಷ್ಟು ಏರುವುದೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಆಕಾಶದಿಂದಲೂ ಅಳೆಯುತ್ತಾರೆ. ನಾಸಾ ಮತ್ತು ಜರ್ಮನಿಯವರು 2002ರಲ್ಲಿ ಹಾರಿಸಿದ ಗ್ರೇಸ್ ಜೋಡಿ ಉಪಗ್ರಹಗಳು ಭೂಮಿಯ ಗುರುತ್ವದ ಸಣ್ಣ ಬದಲಾವಣೆಯಿಂದಲೇ ನೀರಿನ ಏರಿಳಿತ ಹಿಡಿದವು. ರಾಜಸ್ಥಾನ, ಪಂಜಾಬ್, ಹರಿಯಾಣದಲ್ಲಿ ಆರು ವರ್ಷದಲ್ಲಿ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲ ಖಾಲಿಯಾಗಿದ್ದು ಹಾಗೇ ಗೊತ್ತಾಯಿತು. ದೊಡ್ಡ ಕೆಲಸ, ನಿಜ. ಆದರೆ ಇಂಥ ಉಪಗ್ರಹಗಳಿಗೆ ಕಾಣುವುದು ನೂರಾರು ಕಿಲೋಮೀಟರಿನ ಹರವು. ನಮ್ಮ ತಾಲ್ಲೂಕು ಎಲ್ಲಿ ಕಾಣಬೇಕು?

ನಮ್ಮದು ಕಗ್ಗಲ್ಲಿನ ನೆಲ ಬೇರೆ. ನೀರಿರುವುದು ಬಿರುಕುಗಳಲ್ಲಿ. ಒಂದು ಬೋರಿನಲ್ಲಿ ನೀರಿದ್ದರೆ ನೂರಡಿ ಆಚೆಯದು ಒಣಗಿರಬಹುದು. ಒಂದೇ ಸೆನ್ಸರ್ ನಂಬಿ ಇಡೀ ಊರಿನ ಮಾತಾಡೋಕಾಗಲ್ಲ. ಮೋಟಾರು ಎತ್ತಿದ ಹಳೇ ಬೋರುಗಳನ್ನೂ ಅಳೆಯಬೇಕು. ಅದಕ್ಕೆ ನೀರು ತಾಗಿದರೆ ಬೀಪ್ ಅನ್ನುವ ಟೇಪ್ ಸಾಕು.

ಪಕ್ಕದ ಹೊಲದ ಅಣ್ಣ ಹೋದ ಬೇಸಿಗೆಯಲ್ಲಿ ಕಾಯಿ ಕಟ್ಟಿದ ಟೊಮೇಟೊ ಒಣಗಲು ಬಿಟ್ಟರು. "ನಾಟಿಗೆ ಮುಂಚೆನೇ ಮಟ್ಟ ಗೊತ್ತಿದ್ದಿದ್ರೆ ಅರ್ಧ ಎಕರೆ ಕಮ್ಮಿ ಹಾಕ್ತಿದ್ದೆ ಅಲ್ವಾ" ಅಂದರು. ಅಂಕಿ ಆಗಲೇ ಯಾವುದೋ ಕಚೇರಿಯ ಕಂಪ್ಯೂಟರಿಗೆ ಹೋಗಿತ್ತು. ಅವರಿಗೆ ಮುಟ್ಟಿರಲಿಲ್ಲ.

ಬೆಳಿಗ್ಗೆ, ಸಾಯಂಕಾಲ ಊರೆಲ್ಲ ಸೇರುವುದು ಹಾಲಿನ ಡೈರಿ ಹತ್ತಿರ. ಅಲ್ಲಿನ ಬೋರ್ಡಿನಲ್ಲಿ ವಾರಕ್ಕೊಮ್ಮೆ ಮಟ್ಟ ಬರೆಯೋಣ ಅಂದೆ, ಡೈರಿಯವರು ಒಪ್ಪಿದ್ದಾರೆ. ಹಿಂಗಾರು ಮುಗಿದ ಕೂಡಲೇ ಶುರು. ನಿಮ್ಮ ಹೊಲದಲ್ಲಿ ಸುಮ್ನೆ ಬಿಟ್ಟ ಬೋರ್ ಇದ್ದರೆ ತಿಳಿಸಿ, ಟೇಪ್ ತಗೊಂಡು ಬರುತ್ತೇನೆ.