‘ಒಳ್ಳೆ ಮಿಸ್ತ್ರಿ ಇದ್ರೆ ನಂಬರ್ ಕೊಡ್ತೀರಾ?’

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದವರು ಒಮ್ಮೆ ಬಾತ್‌ರೂಮಿಗೆ ಹೋಗಿ ಬಂದರೆ ಸಾಕು, ಕಾಫಿ ಮುಗಿಯುವ ಮೊದಲೇ ಈ ಪ್ರಶ್ನೆ ಬರುತ್ತದೆ. “ಚೆನ್ನಾಗಿ ಮಾಡಿಸಿದ್ದೀರಿ. ಯಾರು ಮಾಡಿದ್ದು? ನಂಬರ್ ಕೊಡ್ತೀರಾ?” ಅದರ ಬೆನ್ನಿಗೇ ಇನ್ನೊಂದು. “ರೇಟು ಜಾಸ್ತಿ ಇಲ್ಲ ತಾನೆ?” ಸಂಘದ ಕಾರ್ಯಕ್ರಮದಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ದಾದರ್ ಸ್ಟೇಷನ್ನಿನ ಬ್ರಿಜ್ ಮೇಲೆ ನೂಕುನುಗ್ಗಲಿನ ನಡುವೆ ನಿಲ್ಲಿಸಿಯೂ ಕೇಳಿದ್ದಾರೆ. ಮಿಸ್ತ್ರಿಯ, ಅಂದರೆ ಟೈಲ್ ಕೂರಿಸುವ ಗಾರೆಯವನ, ನಂಬರ್ ಕೊಡೋದು ಸುಲಭ. ಆದರೆ ಆ ನಂಬರಿಗೆ ಒಂದು ಕತೆ ಇದೆ, ಅದನ್ನು ನಿಂತಲ್ಲೇ ಹೇಳೋಕಾಗಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಈಗ ನೀವು ನೋಡುವುದು ಎರಡನೇ ಸಲ ಮಾಡಿಸಿದ ಬಾತ್‌ರೂಮು. ಮೊದಲನೇ ಸಲ ಮಾಡಿಸಿದ್ದು 2018ರಲ್ಲಿ. ನಾಲ್ಕಡಿ ಅಗಲ, ಏಳಡಿ ಉದ್ದ, ಅಷ್ಟೇ ಜಾಗ. ಮೂವರು ಬಂದು ನೋಡಿದರು. ಒಬ್ಬ 1,35,000 ಅಂದ, ಇನ್ನೊಬ್ಬ 1,20,000. ಮೂರನೆಯ ಠೇಕೇದಾರ (ಗುತ್ತಿಗೆದಾರ) ಟೇಪು ಕೂಡ ಹಿಡಿಯಲಿಲ್ಲ. ಬಾಗಿಲಲ್ಲಿ ನಿಂತೇ 72,000 ಅಂದ. ನಾಲ್ಕು ದಿನದಲ್ಲಿ ಮುಗಿಸಿಕೊಡ್ತೀನಿ, ಬಿಲ್ಲು ಗಿಲ್ಲು ಇಲ್ಲ ಅಂದ. ನಮ್ಮ ಮನೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅರ್ಧಕ್ಕರ್ಧ ಉಳಿತಾಯ ಅಲ್ವಾ! ಮುಲುಂಡಿನ ನಾದಿನಿ ಮನೆಗೆ ಒಂದು ವಾರ ಹೋಗಿ ಕೂತೆವು. ವಾಪಸ್ ಬಂದಾಗ ಬಾತ್‌ರೂಮು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೆಲಸ ಮಾಡಿದವರು ಯಾರು ಅಂತ ನಾವು ನೋಡಲೇ ಇಲ್ಲ. ದುಡ್ಡು ಎಣಿಸಿಕೊಂಡ ಠೇಕೇದಾರನ ಮುಖ ಮಾತ್ರ ಗೊತ್ತು.

ಒಂದು ತಿಂಗಳಿಗೆ ಗೊತ್ತಾಯಿತು, ನೀರು ಜಾಲಿಯ (ನೀರು ಹೊರಹೋಗುವ ತೂತಿನ ಮೇಲಿನ ಬಲೆ) ಕಡೆಗೆ ಹೋಗುತ್ತಿಲ್ಲ. ಬಾಗಿಲ ಹತ್ತಿರ ಬಂದು ನಿಲ್ಲುತ್ತದೆ. ದಿನಾ ವೈಪರ್ ಹಿಡಿದು ತಳ್ಳಬೇಕು. ಆರು ತಿಂಗಳಿಗೆ ಸಂದಿನ ಬಿಳಿ ಸಿಮೆಂಟು ಕಪ್ಪಾಯಿತು. ಹೋಗಲಿ ಬಿಡು ಅಂದುಕೊಂಡೆವು. 2019ರ ಆಗಸ್ಟ್‌ನಲ್ಲಿ, ಗಣಪತಿ ಹಬ್ಬ ಹತ್ತಿರವಿದ್ದಾಗ, ಕೆಳಗಿನ ಮನೆಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ಬೆಲ್ ಮಾಡಿದರು. “ವಹಿನೀ, ಜರಾ ಖಾಲೀ ಯೇತಾ ಕಾ?” (ಸ್ವಲ್ಪ ಕೆಳಗೆ ಬರ್ತೀರಾ?) ಅಂದರು. ಇಳಿದು ಹೋದೆ. ಅವರ ಬಾತ್‌ರೂಮಿನ ಸೀಲಿಂಗ್ ಹಳದಿಯಾಗಿ ಉಬ್ಬಿತ್ತು. ಅಂಚಿನಲ್ಲಿ ಬಿಳಿ ಉಪ್ಪು ಬಿಟ್ಟಿತ್ತು. ಕೆಳಗೆ ಒಂದು ಸ್ಟೀಲ್ ಪಾತ್ರೆ ಇಟ್ಟಿದ್ದರು. ಟಪ್, ಟಪ್. ಅದು ನಮ್ಮ ಮನೆಯ ನೀರು.

ಮುಂಬೈ ಕಡೆಯ ಹೌಸಿಂಗ್ ಸೊಸೈಟಿಗಳಲ್ಲಿ ಅರ್ಧ ಜಗಳ ಹುಟ್ಟುವುದೇ ಹೀಗೆ. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಬೈಲಾದಲ್ಲಿ ಸ್ಪಷ್ಟವಾಗಿದೆ. ಟಾಯ್ಲೆಟ್, ಸಿಂಕ್‌ಗಳಿಂದ ಒಳಗೊಳಗೆ ಸೋರಿದರೆ ಖರ್ಚು ಆಯಾ ಮನೆಯವರದು, ಸೊಸೈಟಿಯದಲ್ಲ. ಠೇಕೇದಾರನಿಗೆ ಫೋನ್ ಮಾಡಿದೆ. ಮೊದಲ ದಿನ ‘ನಾಳೆ ಬರ್ತೀನಿ’ ಅಂದ. ಆಮೇಲೆ ಫೋನ್ ಎತ್ತಲಿಲ್ಲ. ಕೈಯಲ್ಲಿ ಬಿಲ್ಲಿಲ್ಲ, ಒಂದು ಚೀಟಿಯೂ ಇಲ್ಲ. ಏನಂತ ಕೇಳೋದು?

ದೀಪಾವಳಿ ಕಳೆದ ಮೇಲೆ ಒಡೆಸಲು ಶುರು ಮಾಡಿದೆವು. ಈ ಸಲ ಠೇಕಾ ಬೇಡ, ಸಾಮಾನು ನಾವೇ ತರೋಣ, ಮಿಸ್ತ್ರಿಗೆ ದಿನಗೂಲಿ ಕೊಡೋಣ ಅಂತ ತೀರ್ಮಾನ. ನಮ್ಮ ಪ್ಲಂಬರ್ ಒಬ್ಬ ಮಿಸ್ತ್ರಿಯನ್ನು ಕರೆತಂದ. ಹಿಂದಿಯಲ್ಲೇ ಮಾತಾಡಿದ. ಮಧ್ಯಾಹ್ನ ಊರಿಗೆ ಫೋನ್ ಮಾಡಿ “ಮಳಿ ಆತೇನು? ಜ್ವಾಳ ಹೆಂಗದ?” ಅಂದಾಗ ಗೊತ್ತಾಯಿತು, ವಿಜಯಪುರ ಕಡೆಯವನು, ಇಂಡಿ ತಾಲೂಕು. ಇಲ್ಲಿ ಬೆಳಿಗ್ಗೆ ಕೂಲಿಗಳು ಕೆಲಸಕ್ಕೆ ಕಾಯುವ ನಾಕಾದಲ್ಲಿ (ವೃತ್ತದಲ್ಲಿ) ನಿಂತರೆ ವಿಜಯಪುರ, ಕಲಬುರಗಿ, ಯಾದಗಿರಿಯ ಕನ್ನಡ ಕಿವಿಗೆ ಬೀಳುತ್ತದೆ. ಮುಂಬೈ, ಪುಣೆ, ಗೋವಾ ಎಲ್ಲ ಕಡೆ ಕಟ್ಟಡಗಳಿಗೆ ಅವರ ಬೆವರು ಸೇರಿದೆ. ನಾನು ಕನ್ನಡದಲ್ಲಿ ಚಹಾ ಬೇಕಾ ಅಂದೆ. ಅವನು ಒಂದು ಗಳಿಗೆ ಸುಮ್ಮನಾಗಿ, “ನೀವೂ ನಮ್ಮ ಕಡೆಯವರೇನ್ರಿ ಅಕ್ಕಾರ?” ಅಂತ ನಕ್ಕ.

ಗೀಸರ್ ಹತ್ತಿರದ ಮೊದಲ ಟೈಲನ್ನು ಉಳಿಯಿಂದ ಹಗುರಾಗಿ ಎಬ್ಬಿಸಿದ. ಒಡೆಯಬೇಕಾಗಿಯೇ ಇರಲಿಲ್ಲ. ಹಪ್ಪಳದ ಹಾಗೆ ಇಡಿಯಾಗಿ ಕೈಗೆ ಬಂತು. ಹಿಂದೆ ಐದು ಗುಡ್ಡೆ ಸಿಮೆಂಟು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಉಳಿದದ್ದೆಲ್ಲ ಪೊಳ್ಳು. ಇದು ಸಮಯ ಉಳಿಸುವ ದಾರಿ. ಟೈಲಿನ ಬೆನ್ನಿಗೆಲ್ಲ ಸವರಿ ಕೂರಿಸಿದರೆ ಹೊತ್ತು ಹಿಡಿಯುತ್ತದೆ, ಐದು ಗುಡ್ಡೆ ಇಟ್ಟು ಒತ್ತಿದರೆ ನಿಮಿಷದ ಕೆಲಸ. ಪೊಳ್ಳಿನಲ್ಲಿ ನೀರು ಹೋಗಿ ಕೂರುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ. ನಾಣ್ಯದಿಂದ ಕುಟ್ಟಿ ನೋಡಿ, ಗೊತ್ತಾಗುತ್ತದೆ. ಗಟ್ಟಿ ಕೂತ ಟೈಲ್ ಟಕ್ ಅನ್ನುತ್ತದೆ, ಪೊಳ್ಳು ಟೈಲ್ ಡಬಡಬ ಅನ್ನುತ್ತದೆ.

ಎರಡನೇ ಟೈಲ್ ತೆಗೆದವನು ಸುಮ್ಮನೆ ನಿಂತುಬಿಟ್ಟ. ಗುಡ್ಡೆಗಳ ನಡುವಿನ ಬರಿ ಪ್ಲಾಸ್ಟರನ್ನು ಅಂಗೈಯಿಂದ ಒರೆಸಿದ.

“ಅಕ್ಕಾರ, ಒಂದ್ ನಿಮಿಷ ಬರ್ರಿ.”

ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ, ಕನ್ನಡದಲ್ಲಿ, ಒಂದು ಹೆಸರು. ಮುಂದೆ ನಾಲ್ಕು ಗೆರೆ. “ಇದು ನನ್ನ ಅಳಿಯನ ಹೆಸರ್ರಿ. ಅಕ್ಕನ ಮಗ. ಬಿಗಾರಿ (ಸಹಾಯಕ ಕೂಲಿ) ಇದ್ದ ನನ್ ಕೂಡ. ಹಾಜರಿ ಬರದಾನ. ನಾಕ ದಿನದ್ದು.” ಆಮೇಲೆ ತಲೆ ಎತ್ತದೆ, “ಹಂಗಂದ್ರ ಇದನ್ನ ಹಾಕಿದಾವ ನಾನ” ಅಂದ.

ನನಗೆ ಮೈಯೆಲ್ಲ ಉರಿಯಿತು. ಬಿಲ್ಡಿಂಗ್ ನೆನಪಾಗಲಿಲ್ಲವಾ ಅಂತ ಕೇಳಿದೆ. “ಎಲ್ಲಾ ಬಿಲ್ಡಿಂಗೂ ಒಂದಽ ಥರ ಕಾಣ್ತಾವ್ರಿ. ಠೇಕೇದಾರ ಬೈಕ್ ಮ್ಯಾಲೆ ತಂದು ಬಿಡತಿದ್ದ, ಕರಕೊಂಡು ಹೋಗತಿದ್ದ.” ಅವತ್ತು ಅವನಿಗೆ ಸಿಕ್ಕಿದ್ದು ಚದರ ಅಡಿಯ ಲೆಕ್ಕ, ನಾಲ್ಕು ದಿನದ ಗಡುವು. ಐದನೇ ದಿನ ಐರೋಲಿಯಲ್ಲಿ ಬೇರೆ ಕೆಲಸ ನಿಂತಿತ್ತಂತೆ. ವಾಟರ್‌ಪ್ರೂಫಿಂಗ್ ಕೇಳಿದ್ದಕ್ಕೆ ‘ಹಳೇದು ಗಟ್ಟಿ ಇದೆ, ಮುಚ್ಚು’ ಅಂದನಂತೆ ಠೇಕೇದಾರ. “ಐದ ಗುಡ್ಡಿ ಇಡು ಅಂದ್ರ ಐದ ಗುಡ್ಡಿ. ನಾವೇನ್ ಹೇಳೂಣ್ರಿ?”

ರಾತ್ರಿ ನಮ್ಮ ಮನೆಯವರು ಇವನನ್ನು ಬಿಡಿಸು ಅಂದರು. ನಾನು ಬೇಡ ಅಂದೆ. ಅವನು ಆ ಹೆಸರನ್ನು ಹಸಿ ಬಟ್ಟೆಯಿಂದ ಒರೆಸಿ ಸುಮ್ನೆ ಇರಬಹುದಿತ್ತು, ನನಗೆ ಯಾವ ಜನ್ಮಕ್ಕೂ ಗೊತ್ತಾಗುತ್ತಿರಲಿಲ್ಲ. ಮತ್ತೆ, ನಾವು 72,000 ಕೊಟ್ಟು ಕೊಂಡದ್ದು ಈ ನಾಲ್ಕು ಗೆರೆಯನ್ನೇ ತಾನೆ? ನಮ್ಮ ಸೊಸೈಟಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಒಡೆಯೋ ಹಾಗಿಲ್ಲ, ಸಂಜೆ ಆರಕ್ಕೆ ಬಂದ್. ಅಷ್ಟರಲ್ಲಿ ನಾಲ್ಕು ದಿನದೊಳಗೆ ಒಡೆದು, ಪೈಪ್ ಹಾಕಿ, ಟೈಲ್ ಕೂರಿಸಿ ಮುಗಿಸುತ್ತಾನೆ ಅಂದರೆ ಏನೋ ಬಿಟ್ಟಿದ್ದಾನೆ ಅಂತ ಲೆಕ್ಕ ಬರುವ ಯಾರಿಗಾದರೂ ಹೊಳೆಯಬೇಕಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗಿಬ್ಬರಿಗೂ ಹೊಳೆಯಲಿಲ್ಲ.

ಮೊದಲು ನಾನು ತಿಳಿದದ್ದು ಟೈಲೇ ನೀರು ತಡೆಯುತ್ತದೆ ಅಂತ. ಅಲ್ಲ. ಟೈಲಿನ ಸಂದಿಯಲ್ಲಿ ನೀರು ಇಳಿದೇ ಇಳಿಯುತ್ತದೆ. ತಡೆಯಬೇಕಾದ್ದು ಕೆಳಗಿನ ಪದರ. ಇಲ್ಲಿನ ಕಟ್ಟಡಗಳಲ್ಲಿ ಬಾತ್‌ರೂಮಿನ ಸ್ಲ್ಯಾಬು ಸಾಮಾನ್ಯವಾಗಿ ಉಳಿದ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ, ಅದಕ್ಕೆ ಸಂಕ್ ಅನ್ನುತ್ತಾರೆ. ಅದರಲ್ಲಿ ಪೈಪ್ ಓಡಿಸಿ, ಇಟ್ಟಿಗೆ ಚೂರು ಮತ್ತು ಸಿಮೆಂಟಿನಿಂದ ತುಂಬುತ್ತಾರೆ. ಅದು ಕೋಬಾ. ನಮ್ಮ ಮನೆಯಲ್ಲಿ ಮೊದಲ ಸಲ ಹಳೆ ಟೈಲ್ ಒಡೆಯುವಾಗ ಬ್ರೇಕರ್ ಮೆಷಿನ್ನಿನ ಏಟಿಗೆ ಹಳೆಯ ಕೋಬಾ ಬಿರುಕು ಬಿಟ್ಟಿತ್ತು. ಅದರ ಮೇಲೆ ಮರಳು ಸಿಮೆಂಟು ಎಳೆದು ಮುಚ್ಚಿದ್ದರು. ಇಳಿದ ನೀರು ಮೊದಲು ಸಂಕಿನಲ್ಲಿ ತುಂಬುತ್ತದೆ. ಅದು ನೆನೆದು ನೆನೆದು ಸ್ಲ್ಯಾಬಿಗೆ ಇಳಿಯಲು ತಿಂಗಳುಗಳೇ ಬೇಕು. ಕಾಕೂ ಮನೆಯ ಸೀಲಿಂಗ್ ಉಬ್ಬುವ ಹೊತ್ತಿಗೆ ಠೇಕೇದಾರ ಎಲ್ಲೋ, ದುಡ್ಡು ಎಲ್ಲೋ.

ಈ ಸಲ ಸ್ಲ್ಯಾಬ್ ಕಾಣುವ ತನಕ ತೆಗೆದರು. ಕಟ್ಟಡದ ಕಸಕ್ಕೆ ಇಲ್ಲಿ ‘ರ್ಯಾಬಿಟ್’ ಅನ್ನುತ್ತಾರೆ. ‘ರ್ಯಾಬಿಟ್ ಎಷ್ಟು ಗೋಣಿ ಆಗುತ್ತೆ’ ಅಂತ ವಾಚ್‌ಮನ್ ಕೇಳಿದಾಗ ಮೊದಲ ಸಲ ನಾನು ಮೊಲ ಅಂದುಕೊಂಡಿದ್ದೆ. 62 ಗೋಣಿ ಆಯಿತು. ಲಿಫ್ಟಿನಲ್ಲಿ ಒಯ್ಯೋ ಹಾಗಿಲ್ಲ, ಎರಡು ಮಹಡಿ ಹೊತ್ತೇ ಇಳಿಸಬೇಕು, ಗೋಣಿಗೆ ಇಷ್ಟು ಅಂತ ರೇಟು. ಇದು ಯಾರ ಕೊಟೇಶನ್ನಿನಲ್ಲೂ ಇರಲ್ಲ, ಮೊದಲೇ ಕೇಳಿಟ್ಟುಕೊಳ್ಳಿ.

ಪೈಪ್ ಹಾಕಿದ ಮೇಲೆ ಮುಚ್ಚುವ ಮೊದಲು ಪ್ರೆಶರ್ ಪಂಪ್ ಹಚ್ಚಿ ಒಂದು ರಾತ್ರಿ ಬಿಟ್ಟರು. ಪಂಪಿನ ಮೀಟರಿನ ಮುಳ್ಳು ಇಳಿಯಲಿಲ್ಲ, ಅಂದರೆ ಪೈಪ್ ಸೋರುತ್ತಿಲ್ಲ. ಸ್ಲ್ಯಾಬಿಗೆ ವಾಟರ್‌ಪ್ರೂಫ್ ಕೋಟು, ಗೋಡೆಯ ಮೇಲೆ ಒಂದಡಿ ಎತ್ತರದವರೆಗೂ, ಶವರ್ ಇರುವ ಗೋಡೆಗೆ ಆರಡಿ. ನೆಲ ಗೋಡೆ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಸಿಮೆಂಟಿನಿಂದ ದುಂಡು ಮಾಡಿದ. ಅದಕ್ಕೆ ‘ವಾಟಾ’ ಅನ್ನುತ್ತಾರೆ. ಕೋಟು ಮೊದಲು ಬಿರುಕು ಬಿಡುವುದೇ ಆ ಮೂಲೆಯಲ್ಲಿ. ಆಮೇಲೆ ನೀರು ಹೊರಹೋಗುವ ನಾಣಿ ಟ್ರ್ಯಾಪಿನ ಬಾಯಿ ಕಟ್ಟಿದ. (ಮರಾಠಿಯ ‘ನ್ಹಾಣಿ’, ನಮ್ಮ ಬಚ್ಚಲು. ನನಗಂತೂ ಪ್ರತಿ ಸಲ ಊರಿನ ನಾಣಿ ಮಾವನೇ ನೆನಪಾಗುವುದು.) ಎರಡಿಂಚು ನೀರು ತುಂಬಿಸಿ, ಗೋಡೆಯ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು, 48 ಗಂಟೆ ಮುಟ್ಟಬೇಡಿ ಅಂದ. ನಮ್ಮ ಮಗ ಗಂಟೆಗೊಮ್ಮೆ ಟಾರ್ಚ್ ಹಿಡಿದು ಗೆರೆ ನೋಡಿದ. ನಾನು ದಿನಕ್ಕೆ ಎರಡು ಸಲ ಕಾಕೂ ಮನೆಗೆ ಹೋಗಿ ಸೀಲಿಂಗ್ ನೋಡಿದೆ. ಎರಡನೇ ದಿನ ಅವರು ಥಾಲಿಪೀಠ ಕೊಟ್ಟು ಕೂರಿಸಿದರು. ಆಗ ಸ್ವಲ್ಪ ಸಮಾಧಾನವಾಯಿತು. ಕೋಬಾ ತುಂಬಿ ಮೇಲಿನ ಕೋಟು ಹಾಕಿದ ಮೇಲೆ ಇನ್ನೊಮ್ಮೆ ಇದೇ ಪರೀಕ್ಷೆ.

ನೆಲಕ್ಕೆ ನಾನು ಆರಿಸಿದ್ದು ಎರಡಡಿಗೆ ಎರಡಡಿಯ ಹೊಳೆಯುವ ಟೈಲು. ಮಿಸ್ತ್ರಿ ಬೇಡ ಅಂದ. ಸಣ್ಣ ಬಾತ್‌ರೂಮಿನಲ್ಲಿ ನೀರು ನಾಲ್ಕೂ ಕಡೆಯಿಂದ ಜಾಲಿಗೆ ಇಳಿಯಬೇಕು, ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್ ಇಳಿಜಾರು. ಇಲ್ಲಿ ಅದಕ್ಕೆ ‘ಢಾಲ್’ ಅನ್ನುತ್ತಾರೆ. ದೊಡ್ಡ ಟೈಲು ಬಗ್ಗಲ್ಲ, ಸಣ್ಣದಾದರೆ ಬೇಕಾದ ಕಡೆ ತಿರುಗಿಸಬಹುದು. ಕೊನೆಗೆ ಒಂದಡಿಯ ಮ್ಯಾಟ್ ಟೈಲ್ ತಂದೆವು. ಅತ್ತೆಯವರ ಕಾಲೂ ಜಾರಲ್ಲ. ಕೊನೆಯಲ್ಲಿ ಒಂದು ಚೊಂಬು ನೀರು ಚೆಲ್ಲಿ ನೋಡಿದೆ. ಎಲ್ಲೂ ನಿಲ್ಲದೆ ಜಾಲಿ ಸೇರಿತು. ಅಷ್ಟು ಹೊತ್ತು ನೀರು ಹರಿಯುವುದನ್ನು ನಾನು ಜೋಗದಲ್ಲೂ ನೋಡಿರಲಿಕ್ಕಿಲ್ಲ.

ಅಂಗಡಿಗೆ ಹೋದಾಗ ಅಂಟಿನ ವಿಷಯ ಕೇಳಿ. ಗೋಡೆಯ ಸೆರಾಮಿಕ್ ಟೈಲ್ ತನ್ನ ತೂಕದ ಶೇ. 10ಕ್ಕಿಂತ ಜಾಸ್ತಿ ನೀರು ಹೀರುತ್ತದೆ, ಅದಕ್ಕೇ ಅದನ್ನು ನೆನೆಸಿ ಸಿಮೆಂಟಿನಲ್ಲಿ ಕೂರಿಸುತ್ತಾರೆ. ವಿಟ್ರಿಫೈಡ್ ಟೈಲ್ ಶೇ. 0.5 ಕೂಡ ಹೀರಲ್ಲ. ಬರಿ ಸಿಮೆಂಟಿಗೆ ಅದು ಸರಿಯಾಗಿ ಹಿಡಿದುಕೊಳ್ಳುವುದಿಲ್ಲ, ಟೈಲ್ ಅಡ್ಹೆಸಿವ್ ಬೇಕು. ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನಕ) ಅಂತ ಇದೆಯಾ ನೋಡಿ. ಸಂದಿ ಬಿಡದೆ ಟೈಲಿಗೆ ಟೈಲ್ ತಾಗಿಸಿ ‘ಪೇಪರ್ ಜಾಯಿಂಟ್’ ಮಾಡಿಕೊಡ್ತೀನಿ ಅಂದರೆ ಬೇಡ ಅನ್ನಿ. ಎರಡು ಮಿಲಿಮೀಟರ್ ಸಂದಿ ಬಿಟ್ಟು, ಬಿಳಿ ಸಿಮೆಂಟಿನ ಬದಲು ಎಪಾಕ್ಸಿ ಅನ್ನುವ ಅಂಟು ತುಂಬಿಸಿ. ದುಬಾರಿ, ಆದರೆ ಬೇಗ ಕಪ್ಪಾಗಲ್ಲ.

ಎರಡನೇ ಸಲ 19 ದಿನ ಹಿಡಿಯಿತು, 1,48,000 ಆಯಿತು. ಕಾಕೂ ಮನೆಯ ಸೀಲಿಂಗ್, ಪೇಂಟಿಗೆ 18,000. ಮೊದಲಿನ 72,000 ಸೇರಿಸಿದರೆ 2,38,000. ಮಿಸ್ತ್ರಿಗೆ ಕೂಲಿ ಕೊಟ್ಟ ಮೇಲೆ, ಮಳೆಗಾಲ ಕಳೆದರೂ ಕಾಕೂ ಸೀಲಿಂಗ್ ಒಣಗಿಯೇ ಇದ್ದರೆ ಇನ್ನೂ 5,000 ಅಂತ ಮಾತಾಗಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಅವನು ಹೇಗೋ ಇಂಡಿ ಸೇರಿದ. ಸೆಪ್ಟೆಂಬರ್ ಕೊನೆಗೆ ಕಾಕೂ ಸೀಲಿಂಗ್ ನೋಡಿ ಬಂದು ದುಡ್ಡು ಕಳಿಸಿದೆ. ಅವನೇ ಫೋನ್ ಮಾಡಿದ. “ಒಣಗೇದಿಲ್ರಿ ಅಕ್ಕಾರ?” ಅಂತ ಮೊದಲು ಕೇಳಿದ, ದುಡ್ಡು ಬಂತು ಅಂದದ್ದು ಆಮೇಲೆ.

ಹಾಗಾಗಿ ನಂಬರ್ ಕೇಳಿದವರಿಗೆಲ್ಲ ಕೊಡುತ್ತೇನೆ. ಮೊದಲನೇ ಬಾತ್‌ರೂಮು ಮಾಡಿದ್ದೂ ಇದೇ ಕೈ ಅಂತಲೂ ಹೇಳುತ್ತೇನೆ. ಕೆಲವರು ಅಲ್ಲೇ ಮುಖ ಗಂಟಿಕ್ಕಿ ನಂಬರ್ ಅಳಿಸುತ್ತಾರೆ. ಕೆಲವರು ಫೋನ್ ಮಾಡುತ್ತಾರೆ. ಮೊನ್ನೆ ಕಲ್ಯಾಣದ ಪರಿಚಯದವರು ಮಾಡಿದ್ದರು. ಸಂಜೆ ನನಗೆ ಮೆಸೇಜ್ ಬಂತು: “ಮಾತಾಡಿದೆ. ಒಳ್ಳೆಯವನ ಹಾಗೆ ಕಾಣ್ತಾನೆ. ಆದ್ರೆ 20 ದಿನ ಕೇಳ್ತಿದಾನೆ. ಐದು ದಿನದಲ್ಲಿ ಮುಗಿಸೋರು ಬೇರೆ ಯಾರಾದ್ರೂ ಇದಾರಾ?”