ಮಡಕೆಯಲ್ಲಿಟ್ಟ ಇನ್ಸುಲಿನ್

ತೀರ್ಥಹಳ್ಳಿ ಕಡೆಯ ತಂಗಿ ಮನೆಗೆ ಬಂದಿದ್ದೇನೆ. ಆಷಾಢದ ಮಳೆ, ಎರಡು ದಿನದಿಂದ ಕರೆಂಟಿಲ್ಲ. ಫ್ರಿಜ್ಜನ್ನು ನಂಬಂಗಿಲ್ಲ ಅಂತ ಮಗಳ ಇನ್ಸುಲಿನ್ ಬಾಟ್ಲಿಗಳನ್ನು ಡಬ್ಬಿಯಲ್ಲಿ ಭದ್ರ ಮಾಡಿ, ನೀರು ತುಂಬಿದ ಮಡಕೆಯಲ್ಲಿ ತೇಲಿಬಿಟ್ಟಿದ್ದಾಳೆ.

ಮಗುವಿಗೆ ಹನ್ನೊಂದು ವರ್ಷ, ಸಕ್ಕರೆ ಕಾಯಿಲೆ. ಬೆಳಿಗ್ಗೆ ತಾನೇ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಂಡು, ಹತ್ತರವರೆಗೆ ಎಣಿಸಿ ಸೂಜಿ ತೆಗೆದಳು. ಆಮೇಲೆ ಕಡುಬಿಗೆ ಕೂತಳು.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಉಪವಾಸ ಕೆಡವಿ ಸಾವನ್ನು ಸ್ವಲ್ಪ ಮುಂದೂಡಬಹುದಿತ್ತು, ಅಷ್ಟೇ. ಮೊದಲು ದನ, ಹಂದಿಗಳಿಂದ ತೆಗೆಯುತ್ತಿದ್ದ ಇನ್ಸುಲಿನ್ 1982ರ ಹೊತ್ತಿಗೆ ಬ್ಯಾಕ್ಟೀರಿಯಾದಿಂದ ತಯಾರಾಗಿ ಬಂತು.

ಮೊನ್ನೆ ನೆಂಟರೊಬ್ಬರು, "ಔಷಧಿಯಿಂದ ಎಲ್ಲರೂ ಉಳೀತಾರೆ, ಮನುಷ್ಯ ಕುಲ ಮೆತ್ತಗಾಗ್ತಿದೆ" ಅಂದರು. ಈ ಮಗುವಿನ ಎದುರಿಗೇ. ನನಗೆ ತುಂಬಾ ನೋವಾಯಿತು. ಮಾತೂ ಸರಿಯಿಲ್ಲ. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಶಕ್ತಿ ಹಲವು ಜನಾಂಗಗಳಲ್ಲಿ ಹರಡಿದ್ದು ದನ ಸಾಕಲು ಶುರು ಮಾಡಿದ ಮೇಲೆ. ಕೊಟ್ಟಿಗೆ ಮೊದಲು, ಜೀನ್ ಆಮೇಲೆ! ನಮ್ಮ ಕೈಕೆಲಸ ಯಾವತ್ತೂ ವಿಕಾಸದ ಹೊರಗಿರಲಿಲ್ಲ, ಅಲ್ವಾ? ಒಬ್ಬರನ್ನೊಬ್ಬರು ಉಳಿಸಿಕೊಳ್ಳುವುದೂ ನಮ್ಮ ಹುಟ್ಟುಗುಣವೇ. ಆದರೆ ಈ ಬಾಟ್ಲಿ ಪ್ರತಿ ಊರಿನ ಮಗುವಿಗೂ ಸಿಗಬೇಕು. ನನ್ನ ಚಿಂತೆ ಅದು.

ಹೊರಗೆ ಲೈನ್‌ಮನ್ ಕಂಬ ಹತ್ತಿದ್ದಾರೆ. ಮಳೆ ಇನ್ನೂ ಬಿಟ್ಟಿಲ್ಲ. ತಂಗಿ ಅವರಿಗೆ ಅಂತ ಕಾಫಿಗೆ ನೀರಿಟ್ಟಿದ್ದಾಳೆ.